ಎಲ್ ಬೋರ್ಡು

ಬಾನೆಟ್ ನೋಡಬೇಡಿ ಸಿಸ್ಟರ್, ತಿರುವಿನಾಚೆ ನೋಡಿ,
ಅನ್ನುತ್ತಾರೆ ಅಲ್ಫೋನ್ಸ್ ಮೇಷ್ಟ್ರು.
ಆಂಡರ್ಸನ್‌ಪೇಟೆಯ ತಿರುವಿನಾಚೆ
ಒಂದು ಹಂದಿ, ಅದರ ಏಳು ಮರಿ.
ನನ್ನ ಕಾಲಿಗೆ ತಿಳಿಯುವ ಮೊದಲೇ
ಅವರ ಕಾಲು ಅವರ ಬ್ರೇಕಿನ ಮೇಲೆ.

ಹನ್ನೆರಡು ಸೀಸನ್ ಓಡಿಸಿದರಂತೆ, ಮದ್ರಾಸಿನ ಟ್ರ್ಯಾಕಿನಲ್ಲಿ.
ರಾಕೆಟ್ಟಲ್ಲಮ್ಮ, ಸಂತೆಗೆ ಹೋಗೋ ಕಾರೇ;
ಹಿಂದಿನ ಸೀಟು ಕಿತ್ತು, ಬಾಗಿಲಿಗೆ ನಂಬರು ಬರೆದದ್ದು.
ಕಲಿತದ್ದು ಇಲ್ಲೇ, ಸಯನೈಡ್ ದಿಬ್ಬದ ಬುಡದಲ್ಲಿ:
ಆ ಬೂದು ಮಣ್ಣು ಟೈರನ್ನು ಹಿಡಿಯುವುದಿಲ್ಲ,
ಹಾಗಂತ ಬಿಡುವುದೂ ಇಲ್ಲ.

ಬಹುಪಾಲು ನಾಲ್ಕನೆಯವರು.
ನಾಲ್ಕನೆಯವನಿಗೆ ಮೆಟ್ಟಿಲಿಲ್ಲ, ಹಾರವಿಲ್ಲ,
ರಾತ್ರಿ ರೈಲು, ಬಂಗಾರಪೇಟೆಯಲ್ಲಿ ಬದಲಿ,
ಬೆಳಗಿನ ಜಾವ ಚಾಂಪಿಯನ್ ರೀಫಿನ ಮನೆ.
ಒಮ್ಮೆ ಮಾತ್ರ ಗೆದ್ದರು,
ಮುಂದಿನ ಮೂವರು ಒಬ್ಬರಿಗೊಬ್ಬರು ಗುದ್ದಿಕೊಂಡ ದಿನ.
ಕೈ ಚಾಚೋಕೆ ನಾಚಿಕೆಯಾಯ್ತು, ಅನ್ನುತ್ತಾರೆ.

ಒಂದು ವರ್ಷ ಜೊತೆಗೆ ಓಡಿಸಿದ ಫ್ರಾನ್ಸಿನವನೊಬ್ಬ
ಮರೆತುಹೋದ ಎಡಗೈ ಗ್ಲೌಸಿನಿಂದ
ಈಗ ಗಾಜಿನ ಧೂಳು ಒರೆಸುತ್ತಾರೆ.
ಅವನೇನಾದನೋ. ಬಲಗೈಯದು ಅವನ ಹತ್ತಿರ ಇರಬಹುದು.

ಫೈವ್ ಲೈಟ್ಸ್ ಏರಿನಲ್ಲಿ ಹಾಲಿನ ವ್ಯಾನು
ಹಾರ್ನ್ ಹೊಡೆದು ನಮ್ಮನ್ನು ಹಿಂದಿಕ್ಕಿತು.
ಹೋಗಲಿ ಬಿಡಿ, ಅವನಿಗೇನೋ ಅವಸರ, ಅಂದರು.
ಅವರ ಕಡೆ ಆಕ್ಸಿಲರೇಟರ್ ಇಲ್ಲ.
ಓರೆಗಣ್ಣಲ್ಲಿ ಕಂಡೆ,
ಬಲಗಾಲಿನ ಹಳೇ ಚಪ್ಪಲಿ
ಬರೀ ಮ್ಯಾಟನ್ನು
ಒತ್ತುತ್ತಲೇ ಇತ್ತು.