ಸಾಯುವ ದೃಶ್ಯದಲ್ಲಿ ಹಪ್ಪಳ

ಶ್ರೀನಿವಾಸಪುರದ ರಸ್ತೆಯಲ್ಲಿ, ಮಾವಿನ ತೋಪಿನ ನಡುವೆ
ಒಂದು ಹಡಗು ನಿಂತಿದೆ.
ಸಿಮೆಂಟಿನದು. ಮೂರಂತಸ್ತು.
ನೀರೆಲ್ಲಿ ಅಂತ ಕೇಳಬೇಡಿ,
ಕುಡಿಯುವುದಕ್ಕೇ ಟ್ಯಾಂಕರ್ ಬರಬೇಕು.

ಸೊಣ್ಣಪ್ಪನವರು ಒಮ್ಮೆ ನಿಜವಾದ ಹಡಗು ಹತ್ತಿದ್ದರಂತೆ,
ಮಗಳು ಅಳಿಯನ ಜೊತೆ, ಚೆನ್ನೈನಿಂದ, ನಾಲ್ಕು ದಿನ.
ಮೂರು ದಿನ ವಾಂತಿ.
ನಾಲ್ಕನೆಯ ರಾತ್ರಿ ಊಟದ ಮೇಜುಗಳ ನಡುವೆ ನಾಟಕ ಕಂಡು
ಹೊಟ್ಟೆ ತಹಬಂದಿಗೆ ಬಂತಂತೆ.
ಊರಿಗೆ ಬಂದವರೇ ಇಪ್ಪತ್ತು ಬಾದಾಮಿ ಮಾವು ಕಡಿಸಿ
ಪಾಯ ತೆಗೆಸಿದರು.

ಶನಿವಾರ, ಭಾನುವಾರ. ಏಳೂವರೆಗೆ ಗಂಟೆ.
ನಾನು ಬಡಿಸುವವಳು. ಗಂಟಲು ಚೆನ್ನಾಗಿದೆಯೆಂದು
ಮೈಕೂ ನನ್ನ ಕೈಗೇ.
ಓದುತ್ತೇನೆ:
ಮೊಬೈಲಿನ ಬಾಯಿ ಮುಚ್ಚಿಸಿ.
ಬಾರದವರಿಗಾಗಿ ಕುರ್ಚಿಗೆ ಟವೆಲು ಹಾಕಬೇಡಿ, ಇದು ಬಸ್ಸಲ್ಲ.
ರಾಣಿ ಅಳುವಾಗ ಉಪ್ಪು ಕೇಳಬೇಡಿ.
ಕತ್ತಿ ರಟ್ಟಿನದೆಂದು ನಮಗೂ ಗೊತ್ತು, ಕೂಗಿ ಹೇಳಬೇಡಿ.
ಕೈ ತೊಳೆಯಲು ಏಳುವವರು ಬಗ್ಗಿ ನಡೆಯಿರಿ,
ಹಿಂದಿನವರೂ ದುಡ್ಡು ಕೊಟ್ಟಿದ್ದಾರೆ.

ಅಡುಗೆಮನೆಯ ಬಾಗಿಲಿಗೆ ಬೇರೆ ಪಟ್ಟಿ, ನಮಗೆ:
ಬಳೆ ಬೇಡ. ಬಕೆಟ್ಟಿಗೆ ಸೌಟು ತಾಗಕೂಡದು.
ಸಾಯುವ ದೃಶ್ಯದಲ್ಲಿ ಹಪ್ಪಳ ಬಡಿಸಕೂಡದು.

ಅದೊಂದು ಅನುಭವದಿಂದ ಬಂದದ್ದು.
ಮೊದಲ ವಾರ, ರಾಜ ಕಡೆಯ ಮಾತಿಗೆ ಉಸಿರೆಳೆದಾಗ
ನೂರ ಇಪ್ಪತ್ತು ಹಪ್ಪಳ ಒಟ್ಟಿಗೆ ಮುರಿದವು.
ಯಾರೋ ಪಟಾಕಿ ಹಚ್ಚಿದಂತಾಗಿ
ಸತ್ತವನು ಎದ್ದು ಕೂತ.

ಆಮೇಲೆ ಕಂಡುಕೊಂಡೆವು,
ನಾಟಕಕ್ಕೆ ಮುದ್ದೆಯಂಥ ಮರ್ಯಾದಸ್ಥ ಊಟ ಇನ್ನೊಂದಿಲ್ಲ.
ಮುರಿ, ಅದ್ದು, ನುಂಗು.
ಹಲ್ಲಿಗೆ ಕೆಲಸವಿಲ್ಲ.
ರೂಢಿಯಿಲ್ಲದವರು ಅಗಿಯಲು ಹೋಗಿ
ದವಡೆ ಅಂಟಿಸಿಕೊಂಡು ಸುಮ್ಮನಾಗುತ್ತಾರೆ,
ಅದೂ ಒಳ್ಳೆಯದೇ.

ರಾಜನ ಪಾತ್ರ ಪಿಳ್ಳಪ್ಪಣ್ಣನದು.
ಬೆಳಗಿನ ಜಾವ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ
ಹರಾಜು ಕೂಗುವ ಗಂಟಲು, ಸಂಜೆ ಕಿರೀಟದಡಿ.
ಎರಡನೇ ಅಂಕದಲ್ಲಿ ಅರಮನೆಯ ಔತಣ ಇದೆ:
ತಟ್ಟೆ ಹಿತ್ತಾಳೆಯದು, ಹಣ್ಣು ಪ್ಲಾಸ್ಟಿಕ್ಕಿನದು.
ಪಾತ್ರಧಾರಿಗಳಿಗೆ ಊಟ ಆಟ ಮುಗಿದ ಮೇಲೆ,
ಉಳಿದಿದ್ದರೆ.

ಅವರೆಯ ಕಾಲ. ಆ ಭಾನುವಾರ ಹಿತಕಿದ ಬೇಳೆ ಸಾರು,
ಹಡಗೆಲ್ಲ ಸೊಗಡು.
ರಾಜ ವೇದಿಕೆಯಿಂದ ಉರುಳಿ, ಎಂದಿನಂತೆ,
ನಾಲ್ಕನೇ ಮೇಜಿನ ಬುಡದಲ್ಲಿ ಬಿದ್ದ.
ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕೂತಿತು.
ಯಾರೂ ಕೆಮ್ಮಲಿಲ್ಲ. ಒಂದು ಲೋಟ ಕದಲಲಿಲ್ಲ.
ಹನ್ನೊಂದು ನಿಯಮವೂ ತಮ್ಮ ತಮ್ಮ ಜಾಗದಲ್ಲಿದ್ದವು.

ಆಗ ಆ ಮೇಜಿನ ಹುಡುಗಿ, ಐದು ವರ್ಷವಿದ್ದೀತು,
ಬಗ್ಗಿ ನೋಡಿ, ಮನೆಗೆ ಬಂದವರನ್ನು ಕೇಳುವಂತೆ,
"ತಾತ, ಊಟ ಆಯ್ತಾ?"

ಅವಳಮ್ಮ ಬಾಯಿಗೆ ಕೈ ಇಟ್ಟಳು. ತಡವಾಗಿತ್ತು.
ಹಾಗೆ ಕೇಳಿದ ಮೇಲೆ ಉತ್ತರ ಕೊಡದಿರುವುದು
ನಮ್ಮ ಕಡೆ ಸತ್ತವರಿಗೂ ಕಷ್ಟ.
ಪಿಳ್ಳಪ್ಪಣ್ಣನ ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು.
ಕಣ್ಣು ತೆರೆಯದೆ, ಮಗುವಿಗಷ್ಟೇ ಕೇಳುವಂತೆ
"ಇನ್ನೂ ಇಲ್ಲಮ್ಮಾ" ಅಂದ.
ಎದೆಗೆ ಸಿಕ್ಕಿಸಿದ ಮೈಕು
ಅದನ್ನು ಹಡಗಿಗೆಲ್ಲ ಬಡಿಸಿತು.

ಕೈಗಳು ತಟ್ಟೆಯಲ್ಲೇ ನಿಂತವು.
ಅರ್ಧ ಇಳಿದ ತುತ್ತು ಗಂಟಲಲ್ಲಿ.
ಚಪ್ಪಾಳೆ ಹೊಡೆಯಬೇಕೋ ಬೇಡವೋ
ಎಂಜಲು ಕೈಯಲ್ಲಿ ಯಾರಿಗೂ ತಿಳಿಯಲಿಲ್ಲ.

ಸೊಣ್ಣಪ್ಪನವರು ರಾತ್ರಿಯೇ ಹನ್ನೆರಡನೆಯದು ಬರೆಸಿದರು:
ಮಕ್ಕಳು ಪಾತ್ರಧಾರಿಗಳನ್ನು ಮಾತನಾಡಿಸಕೂಡದು.
ಲ್ಯಾಮಿನೇಷನ್ ಕೂಡ ಆಯಿತು.

ಈಗ ಏಳಕ್ಕೇ, ಪರದೆಯ ಹಿಂದೆ,
ಕಿರೀಟದ ಪೆಟ್ಟಿಗೆಯ ಮೇಲೆ ಆರು ತಟ್ಟೆ ಇಟ್ಟು
ಮುಚ್ಚಿ ಬರುತ್ತೇನೆ.
ಇದು ಕೂಡದೆಂದು ಯಾವ ಪಟ್ಟಿಯಲ್ಲೂ ಇಲ್ಲ.
ಆಮೇಲೆ ಮೈಕು.
ಹನ್ನೊಂದರವರೆಗೂ ಗಟ್ಟಿಯಾಗಿ ಓದುತ್ತೇನೆ.
ಹನ್ನೆರಡನೆಯದನ್ನು
ನುಂಗುತ್ತೇನೆ,
ಅಗಿಯದೆ.