ಗ್ವಾಡಿಗೊಂದು ತ್ಯಾಪಿ

ತಪ್ಪು ನಂದೇ. ಅದನ್ನ ಮೊದಲ ಹೇಳಿಬಿಡತೀನಿ.
ಬಂಗಾರದಂಗಡಿಯವ್ರು ಪುಕ್ಕಟೆ ಕೊಟ್ಟ ಗಡಿಯಾರ
ಎರಡು ವರ್ಷ ಕಪಾಟಿನ ಮ್ಯಾಲೆ ಬೋರಲ ಬಿದ್ದಿತ್ತು.
ಐತವಾರ, ಎದುರುಮನಿ ನೀಲಮ್ಮಕ್ಕನ ಡ್ರಿಲ್ ಇಸಗೊಂಡು
ಗ್ವಾಡಿಗೆ ಹಚ್ಚಿದೆ.

ಮೊದಲ ಸಿಮೆಂಟಿನ ಹಿಟ್ಟು ಉದುರಿತು,
ಆಮ್ಯಾಲೆ ಇಟ್ಟಂಗಿ ಕೆಂಪು,
ಆಮ್ಯಾಲೆ ಒಂದು ಸಣ್ಣ ಟಿಕ್.
ಗಡಿಯಾರದ್ದಲ್ಲ.
ಸೂಜಿಯಂಥ ಬಿಸಿನೀರು ಮಾರಿಗೆ ಬಂತು.

ಮಾಳಗಿ ಮ್ಯಾಲಿನ ಸೋಲಾರ್ ಟಾಕಿ
ದಿನಪೂರ್ತಿ ಕುಡಿದ ವಿಜಯಪುರದ ಬಿಸಿಲು
ಅಷ್ಟೂ ನನ್ನ ತೋರಬೆರಳಿನ ಹಿಂದ ನಿಂತಿತ್ತು.
ತಗದ್ರ ಗಾದಿ ತೊಯ್ತೈತಿ,
ಇಟ್ರ ಬೆರಳು ಬೇಯ್ತೈತಿ.
ಹಾರ್ಮೋನಿಯಂ ಕಲಿಯೋ ಹುಡುಗಿಯಂಗ
ಬೆರಳು ಬದಲಿಸಿಗೋತ ನಿಂತೆ.

ಮನಿಯವರು ಮ್ಯಾಲೆ ಓಡಿ
ತಣ್ಣೀರಿನ ವಾಲ್ವು ಬಂದ್ ಮಾಡಿ ಬಂದ್ರು.
ಮತ್ತ ಓಡಿ, ಬೋರ್ ನೀರಿಂದು.
ಮೂರನೇ ಸಲಕ್ಕ ಸರಿಯಾತು.
ಅಷ್ಟರಾಗ ಅತ್ತಿ ಬಕೀಟು ತಂದು
ಗ್ವಾಡಿ ಬುಡಕ ಇಟ್ಟಿದ್ರು:
"ಕಾದ ನೀರು. ಸುಮ್ಮನ ಯಾಕ ಹಾಳು?"

ದಾವಲಸಾಬ ಬಂದ.
ಹನ್ನೊಂದು ವರ್ಷದ ಹಿಂದ ಪೈಪು ಹೂತವನೂ ಅವನೇ.
ಎತ್ತಿನ ಮೈ ಸವರಿದಂಗ ಗ್ವಾಡಿ ಸವರಿ,
"ಬಾಗಲಾ ಬಿಟ್ಟು ಮೂರು ಗೇಣು. ಇಲ್ಲೇ ಏರತೈತಿ" ಅಂದ.
"ಇದನ್ನ ಬರದು ಕೊಡಬೇಕಿತ್ತಲ್ಲಪಾ?"
"ಕೇಳಿದ್ರ ಕೊಡತಿದ್ದೆ ಅಕ್ಕಾ.
ನೀವು ಟೈಲ್ಸಿನ ಬಣ್ಣ ಅಷ್ಟ ಕೇಳಿದ್ರಿ."

ಎಳ್ಳಿನಷ್ಟ ತೂತಿಗೆ
ರೊಟ್ಟಿಯಗಲ ಗ್ವಾಡಿ ಒಡದ.
ಬೆರಳುದ್ದ ಕೊಯ್ದ, ಜಾಯಿಂಟ್ ಕೂಡಿಸಿದ,
ಅಂಟು ಆರೋತನಕ ಚಾ ಕುಡದ,
ಮುನ್ನೂರೈವತ್ತು ಇಸಗೊಂಡು ಹೊಂಟ.
ಹೋಗೋ ಮುಂದ ಡ್ರಿಲ್ಲಿನ ಕಡೆ ನೋಡಿ ನಕ್ಕ.

ಆ ತ್ಯಾಪಿಗೆ ಇನ್ನೂ ಬಣ್ಣ ಹಚ್ಚಿಲ್ಲ.
ಈಗ ಚಳಿ. ನಸಿಕಿನ ಐದಕ್ಕ
ಹೊದ್ದಲ್ಲಿಂದಲೇ ಅಂಗೈ ಚಾಚಿ ಅದರ ಮ್ಯಾಲಿಡತೀನಿ.
ಮೊದಲ ಥಂಡಿ. ಆಮ್ಯಾಲೆ ಉಗುರು ಬೆಚ್ಚಗ.
ಆಮ್ಯಾಲೆ ಜ್ವರ ಬಂದ ಹುಡುಗರ ಹಣಿಯಂಗ.
ಅತ್ತಿ ಜಳಕಕ್ಕ ಕುಂತ್ರು ಅಂತ ಅರ್ಥ.
ಮತ್ತೊಂದು ನಿದ್ದಿ ತಗೀತೀನಿ.

ಮೊನ್ನೆ ಐದಾತು, ಐದೂಕಾಲಾತು,
ತ್ಯಾಪಿ ಥಂಡಿನೇ ಇತ್ತು.
ಎದ್ದು ಹೋದೆ.
ಬಚ್ಚಲ ಹೊಸ್ತಿಲ ಮ್ಯಾಲೆ ಟವೆಲ್ ಹಿಡಕೊಂಡು ಕುಂತಿದ್ರು.
ಮೊಣಕಾಲು ಏಳವಲ್ದು.
ಎಷ್ಟೊತ್ತಾತೋ, ಯಾರನ್ನೂ ಕರದಿಲ್ಲ.
"ನಿನಗ ಹೆಂಗ ಗೊತ್ತಾತು?" ಅಂದ್ರು.
ನಾ ಏನೂ ಹೇಳಲಿಲ್ಲ. ರಟ್ಟಿ ಹಿಡದು ಎಬ್ಬಿಸಿದೆ,
ನಳಾ ತಿರುವಿದೆ.

ಗಡಿಯಾರ ಮತ್ತ ಕಪಾಟಿನ ಮ್ಯಾಲೆ.
ಬೋರಲ ಬಿದ್ದೇ ನಡದೈತಿ.