ಹಿಂದೆ ಕಾಗದ

ಬಂದರಿನ ಹಮ್ಮಬ್ಬಾಕರ ಗುಜರಿ ಅಂಗಡಿಯಲ್ಲಿ
ಒಣಮೀನಿನ ಗೋಣಿಗೆ ಒರಗಿದ ಕಟ್ಟಿನೊಳಗೆ
ಸಿಕ್ಕಿದ್ದ ಅವನು.
ಯಾವುದೋ ಹಡಗಿನವರು ಬಿಟ್ಟುಹೋದ ಇಂಗ್ಲಿಷ್ ಕಾಮಿಕ್ಸು,
ರಟ್ಟಿಲ್ಲ, ಕೊನೆಯ ಹಾಳೆಗಳಿಲ್ಲ,
ಅವನ ಹೆಸರಿದ್ದ ಪುಟವನ್ನು ಯಾರೋ
ನೆಲಗಡಲೆಗೆ ಪೊಟ್ಟಣ ಮಾಡಿದ್ದರು.

ಮನುಷ್ಯನ ಆಕಾರಕ್ಕೆ ಒಂದು ಗೆರೆ, ಅಷ್ಟೆ.
ಗೆರೆಯೊಳಗೆ ಮಾಂಸವಿಲ್ಲ, ಅಂಗಿಯಿಲ್ಲ.
ಕಪ್ಪು. ಕಪ್ಪಿನಲ್ಲಿ ನಕ್ಷತ್ರ.
ಮೊಣಕೈ ಹತ್ತಿರ ಬಳೆ ತೊಟ್ಟ ಗ್ರಹ,
ಹೊಟ್ಟೆಯಲ್ಲಿ ಹಾಲು ಚೆಲ್ಲಿದ ಹಾಗೆ ಏನೋ.
ಅಚ್ಚಿನಲ್ಲಿ ಕೆಂಪು ಒಂದು ಕೂದಲೆಳೆ ಜಾರಿ
ಪ್ರತಿ ನಕ್ಷತ್ರಕ್ಕೂ ಒಂದು ಅವಳಿ.
ಹುಳ ಕೊರೆದಿತ್ತು, ಸರಿಯಾಗಿ ಎದೆಯಲ್ಲೇ.
ಆ ತೂತಿನಲ್ಲಿ ಇಣುಕಿದರೆ
ಆಚೆ ಪುಟದ ಹಲ್ಲುಪುಡಿ ಜಾಹೀರಾತು,
ನಗುವ ಹುಡುಗನ ಒಂದೇ ಒಂದು ಹಲ್ಲು.

ಮಾತಿನ ಗುಳ್ಳೆಯನ್ನು ಅಕ್ಷರ ಕೂಡಿಸಿ ಓದಿದೆ:
ಇರುವುದೆಲ್ಲ ನಾನೇ. ನಾನಲ್ಲದ್ದು ಇಲ್ಲ.
ಹಾಗಾದರೆ ಇಷ್ಟು ಜೋರಾಗಿ ಯಾರಿಗೆ ಹೇಳುವುದು?

ನನಗಾಗ ಹತ್ತು ವರ್ಷ.
"ಹಮ್ಮಬ್ಬಾಕ, ಎಲ್ಲ ಇವನೇ ಅಂತೆ.
ಮತ್ತೆ ಇವನ ಹಿಂದೆ ಹಳದಿ ಎಲ್ಲಿಂದ ಬಂತು?"
ಅವರು ಕನ್ನಡಕ ಹಣೆಗೇರಿಸಿ
ಹಾಳೆಯನ್ನು ಒಮ್ಮೆ ಮಗುಚಿ ನೋಡಿ
"ಹಿಂದೆ ಕಾಗದ ಮಗಳೇ, ಮತ್ತೆಂತ" ಎಂದು
ತಕ್ಕಡಿಗೆ ಹಾಕಿದರು.
ಇನ್ನೊಂದು ತಟ್ಟೆಗೆ ಎರಡು ತುಕ್ಕು ಬೋಲ್ಟು.
ಬ್ರಹ್ಮಾಂಡ, ನೂರು ಗ್ರಾಂ, ನಲ್ವತ್ತು ಪೈಸೆ.

ಶಾಲೆಯಲ್ಲಿ ಉಡುಪಿಯ ವಾರಿಜ ಟೀಚರು
ಬ್ಯಾಗಿನಿಂದ ಎಳೆದು ನೋಡಿ ನಕ್ಕರು:
"ನಮ್ಮೂರಲ್ಲಿ ಒಬ್ಬ ಮಣ್ಣು ತಿಂದ ಪೋರ
ಬರೇ ಬಾಯಿ ತೆರೆದು ಇಷ್ಟನ್ನೂ ತೋರಿಸಿದ್ದಾನೆ.
ಇವನಿಗೆ ಇಷ್ಟು ದೊಡ್ಡ ಮೈ ಯಾಕೆ?"
ಹಿಂದಕ್ಕೆ ಕೊಡಲಿಲ್ಲ.

ಈಗ ವೆನ್ಲಾಕಿನಲ್ಲಿ ಎಕ್ಸ್‌ರೇ ತೆಗೆಯುತ್ತೇನೆ,
ಮೂವತ್ತೊಂದು ವರ್ಷವಾಯಿತು.
ಉಸಿರು ಎಳೆಯಿರಿ. ಹಿಡಿಯಿರಿ. ಬಿಡಿ.
ಬೀಡಿ ಕಟ್ಟುವವರು, ಬೋಟಿನವರು, ಕಂಡಕ್ಟರುಗಳು,
ಸರ ಬಿಚ್ಚಲು ಒಪ್ಪದ ಹೊಸ ಮದುಮಗಳು,
ತಣ್ಣನೆ ಹಲಗೆಗೆ ಎದೆಯೊತ್ತಿ ನಿಲ್ಲುತ್ತಾರೆ.
ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರೆ
ಒಂದು ಗೆರೆ, ಒಳಗೆ ಕಪ್ಪು.
ಯಾರೂ ನಾನೇ ಎಲ್ಲ ಎನ್ನುವುದಿಲ್ಲ.
ರಿಪೋರ್ಟು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ.

ಮೊನ್ನೆ ಟೋಕನ್ ನಲ್ವತ್ತಾರು ಹಮ್ಮಬ್ಬಾಕ.
ಅಳಿಯನ ತೋಳು ಹಿಡಿದು, ಅಂಗಿಯ ಗುಂಡಿಗೆ ತಡಕಾಡುತ್ತ.
ನನ್ನ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ.
ಹಿಡಿಯಿರಿ ಎಂದೆ. ಹಿಡಿಯಲಾಗಲಿಲ್ಲ, ಕೆಮ್ಮಿದರು,
ಚಿತ್ರ ಅಲುಗಿತು,
ಪ್ರತಿ ಚುಕ್ಕೆಗೂ ಒಂದು ಅವಳಿ.

ಎರಡನೆಯದು ಸರಿ ಬಂತು.
ಎಡಕ್ಕೂ ಬಲಕ್ಕೂ ಬಿಳಿ, ಸಣ್ಣ ಸಣ್ಣ ಬಿಳಿ,
ರಾತ್ರಿ ಫೆರಿಯಲ್ಲಿ ಬೆಂಗ್ರೆಗೆ ದಾಟುವಾಗ
ತಲೆ ಎತ್ತಿದರೆ ಇರುತ್ತದಲ್ಲ, ಅಷ್ಟು.
ಏನೆಂದು ಹೇಳುವ ಕೆಲಸ ನನ್ನದಲ್ಲ,
ಅದು ಡಾಕ್ಟರದ್ದು.
ಐವತ್ತು ವರ್ಷದ ಹಳೆ ಕಾಗದದ ಧೂಳು
ಅವರು ಎಲ್ಲಿ ಇಟ್ಟಿದ್ದರೋ ಎಂದು
ಸುಮ್ಮನೆ ಯೋಚಿಸಿದೆ.

"ಕೊಡಿ ಇಲ್ಲಿ" ಎಂದು ಕೈ ಚಾಚಿದರು.
ಅಂಚು ಹಿಡಿದು ಬಾಗಿಸಿ, ಸದ್ದು ಕೇಳಿ,
ಅಂಗೈಯಲ್ಲಿ ತೂಗಿ,
"ಇದರಲ್ಲಿ ಬೆಳ್ಳಿ ಉಂಟು, ಗೊತ್ತುಂಟಾ?
ಹಳೆಯದಾದ ಮೇಲೆ ಸುಮ್ಮನೆ ಬಿಸಾಡಬೇಡಿ.
ಸಿಕ್ಕಿದವರಿಗೆ ಕೊಡಲೂ ಬೇಡಿ, ಮೋಸ ಮಾಡ್ತಾರೆ."

ಆಮೇಲೆ, ಹಳೆಯ ಅಭ್ಯಾಸ,
ಕನ್ನಡಕ ಹಣೆಗೇರಿಸಿ
ತಮ್ಮನ್ನು ತಾವೇ ಒಮ್ಮೆ ಮಗುಚಿ ನೋಡಿದರು.
ಹಿಂದೆ ಕಿಟಕಿ. ಕಿಟಕಿಯಲ್ಲಿ
ನಾಲ್ಕು ಗಂಟೆಯ ಹಳದಿ.

ಹೊರಗೆ ನಲ್ವತ್ತೇಳು, ನಲ್ವತ್ತೇಳು ಎಂದು ಕೂಗಿದರು.